ಎಲ್ಲರಿಗೂ ಹಣ, ಅವಳಿಗೆ ಮಾತ್ರ ಪುಣ್ಯ

ಅಂಡಾಣು ಕೊಡುವ ಹೆಂಗಸಿಗೆ ದುಡ್ಡು ಕೊಡಬಾರದು. ಕೊಟ್ಟರೆ ಅದು ವ್ಯಾಪಾರ, ಕೊಡದಿದ್ದರೆ ದಾನ. ಮಕ್ಕಳಾಗದವರ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿ ಎಲ್ಲರೂ ತಲೆದೂಗುವ ಮಾತು ಯಾವುದಾದರೂ ಇದ್ದರೆ ಇದೊಂದೇ. ಕಾನೂನು ಮಾಡಿದವರು ಇದನ್ನು ನಂಬುತ್ತಾರೆ. ಹೆಣ್ಣಿನ ದೇಹ ಸರಕಲ್ಲ ಎಂದು ಹೋರಾಡುತ್ತ ಬಂದ ಮಹಿಳಾ ಸಂಘಟನೆಗಳಲ್ಲಿ ಅನೇಕರು ನಂಬುತ್ತಾರೆ. ತಾಯ್ತನ ಪವಿತ್ರ ಎನ್ನುವ ಮಠಾಧೀಶರೂ ನಂಬುತ್ತಾರೆ. ಟಿವಿ ಚರ್ಚೆಗೆ ಬಂದು ಕೂತ ಫರ್ಟಿಲಿಟಿ ಸೆಂಟರಿನ ಮಾಲೀಕರಂತೂ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ಇಷ್ಟು ಬಗೆಯ ಜನ ಒಂದೇ ಮಾತಿಗೆ ಒಪ್ಪಿದಾಗ, ಆ ಒಪ್ಪಿಗೆಯ ಖರ್ಚನ್ನು ಯಾರ ತಲೆಗೆ ಕಟ್ಟಿದ್ದಾರೆ ಎಂದು ನೋಡುವುದು ಒಳ್ಳೆಯದು. ನೋಡಿದರೆ ಕಾಣುವುದು ಇದು: ಈ ಮಾತು ಬರೀ ಆಗಹೋಗದ ಆದರ್ಶವಲ್ಲ, ಅನೀತಿ. ನೀತಿಯ ವೇಷದಲ್ಲಿರುವುದರಿಂದ ಇನ್ನಷ್ಟು ಅಪಾಯಕಾರಿಯಾದ ಅನೀತಿ.

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2021ರ ಡಿಸೆಂಬರಿನಲ್ಲಿ ಬಂತು, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಈ ಇಡೀ ವ್ಯವಹಾರ ಹೇಳುವವರು ಕೇಳುವವರಿಲ್ಲದೆ ನಡೆದಿತ್ತು. ಕಾನೂನು ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಅಂಡಾಣು ಕೊಡುವವಳಿಗೆ 23ರಿಂದ 35ರೊಳಗಿನ ವಯಸ್ಸಾಗಿರಬೇಕು. ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಒಬ್ಬಳು ಕೊಟ್ಟದ್ದು ಒಂದೇ ದಂಪತಿಗೆ ಹೋಗಬೇಕು. ಮಗು ಬಯಸಿದವರು ಆಕೆಯ ಹೆಸರಿನಲ್ಲಿ ಹನ್ನೆರಡು ತಿಂಗಳ ವಿಮೆ ಮಾಡಿಸಬೇಕು. ಅಂಡಾಣು, ವೀರ್ಯಾಣು, ಭ್ರೂಣ ಯಾವುದನ್ನು ಮಾರಿದರೂ ಅಪರಾಧ. (ಏಳು ಎಂಬ ಅಂಕಿಯ ಬಗ್ಗೆ ಒಂದು ಮಾತು: ಇಂಜೆಕ್ಷನ್ ಕೊಟ್ಟ ಮೇಲೆ ಹತ್ತು ಹದಿನೈದು ಅಂಡಾಣು ಬಲಿಯುವುದು ಮಾಮೂಲು. ಕಾಯ್ದೆ ಓದಿಕೊಂಡು ಏಳಕ್ಕೆ ನಿಲ್ಲುವ ಅಂಡಾಶಯವನ್ನು ನಾನು ಕಾಣೆ.) ಹೆಣ್ಣಿನ ವಿಷಯದಲ್ಲಿ ಇಷ್ಟೆಲ್ಲ ಎಣಿಸಿದ ಕಾನೂನು, ಆಸ್ಪತ್ರೆ ಎಷ್ಟು ವಸೂಲಿ ಮಾಡಬಹುದು ಎಂಬ ಕಡೆ ಬಂದಾಗ ಎಣಿಕೆಯನ್ನೇ ಮರೆತಿದೆ. ಅದಕ್ಕೆ ಮಿತಿಯೇ ಇಲ್ಲ.

ಆಕೆ ಕೊಡುವುದು ಏನನ್ನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಟ್ಟಾದ ಎರಡನೆಯ ಇಲ್ಲವೇ ಮೂರನೆಯ ದಿನ ಸ್ಕ್ಯಾನಿಂಗ್. ಅಲ್ಲಿಂದ ಹತ್ತು ಹನ್ನೆರಡು ದಿನ, ಹೊಕ್ಕುಳ ಪಕ್ಕದ ಚರ್ಮವನ್ನು ಚಿವುಟಿ ಹಿಡಿದು ದಿನಕ್ಕೊಂದು ಹಾರ್ಮೋನ್ ಇಂಜೆಕ್ಷನ್, ಕಡೆಕಡೆಗೆ ಎರಡು. ದಿನ ಬಿಟ್ಟು ದಿನ ಮತ್ತೆ ಸ್ಕ್ಯಾನಿಂಗ್. ಅದು ಬಸುರಿಯರಿಗೆ ಮಾಡುವಂತೆ ಹೊಟ್ಟೆಯ ಮೇಲೆ ಅಲ್ಲ, ಯೋನಿಯೊಳಗಿಂದ. ಕೊನೆಗೆ ‘ಟ್ರಿಗರ್’ ಎನ್ನುವ ಇಂಜೆಕ್ಷನ್, ಗಡಿಯಾರ ನೋಡಿಕೊಂಡು, ರಾತ್ರಿ ಇಂಥ ಹೊತ್ತಿಗೇ ಎಂದು. ಅದಾದ ಸುಮಾರು 35 ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಆಪರೇಷನ್ ಥಿಯೇಟರು, ಅರಿವಳಿಕೆ, ಯೋನಿಯ ಗೋಡೆ ತೂರಿ ಅಂಡಾಶಯಕ್ಕೆ ಇಳಿಯುವ ಉದ್ದನೆಯ ಸೂಜಿ. ಸಂಜೆಗೆ ಮನೆ. ಎರಡು ದಿನ ಹೊಟ್ಟೆ ಉಬ್ಬಿಕೊಂಡು ನಡು ಬಗ್ಗಿಸಲಾಗುವುದಿಲ್ಲ. ಅಪರೂಪಕ್ಕೆ ಅಂಡಾಶಯ ಅತಿಯಾಗಿ ಕೆರಳಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. 2014ರಲ್ಲಿ ದೆಹಲಿಯಲ್ಲಿ ಹೆಂಗಸೊಬ್ಬಳು ಅಂಡಾಣು ತೆಗೆಸಿಕೊಂಡ ಬೆನ್ನಿಗೇ ತೀರಿಕೊಂಡಳು.

ಇದು ದುಡಿಮೆಯಲ್ಲದಿದ್ದರೆ ಇನ್ನಾವುದು ದುಡಿಮೆ? ಇಂಜೆಕ್ಷನ್ ಚುಚ್ಚಿದ ನರ್ಸಿಗೆ ಸಂಬಳವಿದೆ. ಅರಿವಳಿಕೆ ಕೊಟ್ಟವರಿಗೆ, ಸೂಜಿ ಇಳಿಸಿದವರಿಗೆ ಫೀಸಿದೆ. ಲ್ಯಾಬಿನಲ್ಲಿ ಅಂಡಾಣುವನ್ನೂ ವೀರ್ಯಾಣುವನ್ನೂ ಕೂಡಿಸಿದ ಎಂಬ್ರಿಯಾಲಜಿಸ್ಟ್‌ಗೆ, ಔಷಧ ಕಂಪನಿಗೆ, ಅಂಡಾಣು ಒದಗಿಸಿದ ಬ್ಯಾಂಕಿಗೆ, ರಸ್ತೆಯುದ್ದಕ್ಕೂ ಗುಂಡುಗುಂಡನೆ ಮಗುವಿನ ಫ್ಲೆಕ್ಸ್ ಕಟ್ಟಿದವನಿಗೆ, ಎಲ್ಲರಿಗೂ ಅವರವರ ಪಾಲು ಸಂದಾಯ. ಇವರು ಯಾರೂ ಹಣ ಮುಟ್ಟಿದ್ದರಿಂದ ಮಾತೃತ್ವ ಅಪವಿತ್ರವಾಗಲಿಲ್ಲ. ಮಂಚದ ಮೇಲೆ ಮಲಗಿದವಳು ಮುಟ್ಟಿದರೆ ಮಾತ್ರ ಆಗುತ್ತದಂತೆ!

ಹಾವೇರಿ ಕಡೆಯ ರೈತ ದಂಪತಿ, ನನಗೆ ದೂರದ ಪರಿಚಯದವರು, ಬೆಂಗಳೂರಿನ ಒಂದು ಆಸ್ಪತ್ರೆಯ ಬಿಲ್ಲು ತಂದು ತೋರಿಸಿದ್ದರು. ಆಕೆಗೆ ನಲವತ್ತು ದಾಟಿತ್ತು. ನಿಮ್ಮ ಅಂಡಾಣು ಆಗುವುದಿಲ್ಲ, ಡೋನರ್ ಬೇಕು ಎಂದಿದ್ದರಂತೆ. ಬಿಲ್ಲಿನಲ್ಲಿ ಸಿರಿಂಜಿಗೆ, ಹತ್ತಿಗೆ, ಕೈಗವಸಿಗೆ ಸಹ ಒಂದೊಂದು ಸಾಲು. ಡೋನರ್ ಎಂಬಲ್ಲಿ ಮಾತ್ರ ಒಂದೇ ಪದ, ‘ಪ್ಯಾಕೇಜ್’, ಅದರ ಮುಂದೆ ಲಕ್ಷ ಮೀರಿದ ಮೊತ್ತ. ಗಂಡ ಅದರ ಮೇಲೆ ಬೆರಳಿಟ್ಟು ಕೇಳಿದ: “ಇದರಾಗ ಆ ಹೆಣ್ಮಗಳಿಗೆ ಎಷ್ಟು ಹೋಗೇತ್ರಿ ಸರ? ನಾ ಕೇಳಿದ್ರ, ಕಾನೂನು ಐತಿ, ಹೇಳಂಗಿಲ್ಲ ಅಂದ್ರು.” ಹೊಲ ಒತ್ತಿ ಹಾಕಿ ತಂದ ದುಡ್ಡು ಅದು. ಹಣ ಕೊಟ್ಟವನಿಗೆ ಅದು ಯಾರಿಗೆ ಸೇರಿತು ಎಂದು ಗೊತ್ತಿಲ್ಲ. ಅಂಡಾಣು ಕೊಟ್ಟವಳಿಗೆ ತನ್ನ ಹೆಸರಿನಲ್ಲಿ ಎಷ್ಟು ವಸೂಲಾಯಿತು ಎಂದು ಗೊತ್ತಿಲ್ಲ. ಆಕೆಗೆ ಕೊಟ್ಟದ್ದನ್ನು ಲೆಕ್ಕದಲ್ಲಿ ತೋರಿಸಿದರೆ ಅಪರಾಧವಾಗುವುದರಿಂದ ಕೊಟ್ಟರೂ ನಡೆಯುತ್ತದೆ, ಕೊಡದಿದ್ದರೂ ನಡೆಯುತ್ತದೆ. ನಡುವೆ ನಿಂತವರಿಗೆ ಇದಕ್ಕಿಂತ ಅನುಕೂಲವಾದ ಕಾನೂನು ಬೇರೆ ಬೇಕೆ? ಮಾರಾಟದಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ 5ರಿಂದ 10 ಲಕ್ಷ. ದೊಡ್ಡ ಸೆಂಟರ್ ಒಂದಕ್ಕೆ ಅದು ಕೆಲವೇ ದಂಪತಿಗಳ ಚಿಕಿತ್ಸೆಯಿಂದ ಹುಟ್ಟುವ ಹಣ.

ಇಲ್ಲಿ ಯಾರಾದರೂ ರಕ್ತದಾನದ ಮಾತು ಎತ್ತಿಯೇ ಎತ್ತುತ್ತಾರೆ. ಎತ್ತಬೇಕಾದದ್ದೇ, ಅವರ ಬತ್ತಳಿಕೆಯಲ್ಲಿರುವ ಒಳ್ಳೆಯ ಬಾಣ ಅದು. ದುಡ್ಡಿಗಾಗಿ ರಕ್ತ ಕೊಡುವವರನ್ನೇ ನೆಚ್ಚಿಕೊಂಡಿದ್ದ ಕಾಲವಿತ್ತು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿ 1ರಿಂದ ಅದು ನಿಷೇಧವಾಯಿತು. ನಿಷೇಧದಿಂದ ಒಳ್ಳೆಯದೇ ಆಯಿತು. ಆದರೆ ಅಲ್ಲಿ ಸರ್ಕಾರ ಕೊಡುವವನ ಕೈಯನ್ನು ಮಾತ್ರ ಕಟ್ಟಲಿಲ್ಲ. ರಕ್ತನಿಧಿ ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ, ಪರೀಕ್ಷೆ ಸಂಸ್ಕರಣೆಯ ಖರ್ಚು ಮಾತ್ರ ಪಡೆಯಬೇಕು, ಅದಕ್ಕೂ ಇಷ್ಟೇ ಎಂಬ ಮಿತಿಯಿದೆ. ಕೊಟ್ಟವನೂ ಲಾಭ ಮಾಡಲಿಲ್ಲ, ಇಟ್ಟವನೂ ಮಾಡಲಿಲ್ಲ. ಅದಕ್ಕೇ ಅದು ದಾನವಾಗಿ ಉಳಿದಿದೆ. ಐವಿಎಫ್ ಕೇಂದ್ರಗಳನ್ನು ರಕ್ತನಿಧಿಗಳಂತೆ ಲಾಭವಿಲ್ಲದೆ ನಡೆಸಿ, ದರಕ್ಕೆ ಮಿತಿ ಹಾಕಿ. ಅಂದು ನಾನು ಈ ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ. ಅದು ಆಗದ ಹೊರತು, ಅರ್ಧ ಗಂಟೆಯಲ್ಲಿ ಬಿಸ್ಕತ್ತು ತಿಂದು ಎದ್ದು ಹೋಗುವ ಕೆಲಸವನ್ನು ಎರಡು ವಾರದ ಸೂಜಿಗೆ ಹೋಲಿಸಬೇಡಿ.

ಇನ್ನು ಶೋಷಣೆಯ ವಾದ. ಹಣ ಕೊಟ್ಟರೆ ಬಡವರೇ ಬರುತ್ತಾರೆ, ಸಾಲಕ್ಕೆ ಸಿಕ್ಕಿದವರೇ ಬರುತ್ತಾರೆ, ಅವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬುದು. ಬಡತನದ ಒತ್ತಡ ನಿಜ. ಕಿರುಸಾಲ ವಸೂಲಿಯವರ ಕಾಟ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಾರದ ಕಂತಿಗೆ ಮನೆ ಬಾಗಿಲಲ್ಲಿ ಬಂದು ಕೂರುವವರಿಗೆ ಹೆದರಿದ ಹೆಂಗಸು ಏನು ಮಾಡಲೂ ಒಪ್ಪಿಯಾಳು. ಆದರೆ ಅದೇ ಹೆಂಗಸು ಅದೇ ಕಂತಿಗಾಗಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟಿಗೆ ಮೂತ್ರಕ್ಕೂ ಏಳದೆ ಹೊಲಿಗೆ ಹಾಕುತ್ತಾಳೆ. ಬಡತನ ಅವಳನ್ನು ಅಲ್ಲಿಗೆ ತಳ್ಳಿದೆ, ಆದ್ದರಿಂದ ಕೂಲಿ ಕೊಡದೆ ದುಡಿಸುವುದೇ ನೀತಿ ಎಂದು ಯಾರಾದರೂ ಹೇಳಿದ್ದುಂಟೆ? ಹೇಳಿದರೆ ಚಪ್ಪಲಿ ಬಂದು ಬೀಳುತ್ತದೆ. ಅಂಡಾಣುವಿನ ವಿಷಯದಲ್ಲಿ ಹೇಳಿದರೆ ಚಪ್ಪಾಳೆ.

2022ರ ಜೂನಿನಲ್ಲಿ ತಮಿಳುನಾಡಿನ ಈರೋಡಿನ ಪ್ರಕರಣ ಬಯಲಾಯಿತು. ಹದಿನಾರು ವರ್ಷದ ಹುಡುಗಿ. ಆಧಾರ್ ತಿದ್ದಿ, ಹೆಸರು ವಯಸ್ಸು ಬದಲಿಸಿ, ಹೆತ್ತ ತಾಯಿಯೇ ಎಂಟು ಸಲ ಅವಳ ಅಂಡಾಣು ತೆಗೆಸಿದ್ದಳು. ದುಡ್ಡಿನ ಆಸೆ ಎಲ್ಲಿಗೆ ಒಯ್ಯುತ್ತದೆ ನೋಡಿ ಎಂದು ಈಗಲೂ ಇದನ್ನೇ ತೋರಿಸುತ್ತಾರೆ. ಸರಿಯಾಗಿ ನೋಡಿದರೆ ಅದು ತೋರಿಸುವುದೇ ಬೇರೆ. ಆ ಹುಡುಗಿಗೆ ಆದ ಅನ್ಯಾಯ ಅವಳಿಗೆ ಹಣ ಸಿಕ್ಕಿದ್ದಲ್ಲ. ಅವಳ ವಯಸ್ಸನ್ನು ಯಾರೂ ನೋಡದಿದ್ದದ್ದು, ಎಂಟು ಸಲವೂ ಅವಳು ಹೊಸಬಳಾಗಿಯೇ ದಾಖಲಾದದ್ದು, ಹಣವನ್ನು ಬೇರೆಯವರು ಎಣಿಸಿಕೊಂಡದ್ದು. ಆಕೆಯದೇ ಬ್ಯಾಂಕ್ ಖಾತೆಗೆ, ಆಕೆಯದೇ ಹೆಸರಿಗೆ, ಸರ್ಕಾರ ಕಣ್ಣಿಟ್ಟ ದಾಖಲೆಯ ಮೂಲಕ ಹಣ ಹೋಗಬೇಕೆಂಬ ನಿಯಮವಿದ್ದಿದ್ದರೆ ಎರಡನೆಯ ಸಲಕ್ಕೇ ಗುಟ್ಟು ರಟ್ಟಾಗುತ್ತಿತ್ತು. ಕತ್ತಲಲ್ಲಿ ಕೊಟ್ಟ ಹಣಕ್ಕೆ ಏಜೆಂಟು ಹುಟ್ಟುತ್ತಾನೆ, ರಸೀದಿ ಇರುವ ಹಣಕ್ಕೆ ಅವನ ಅಗತ್ಯ ಬೀಳುವುದಿಲ್ಲ.

ಹಾಗೆಂದು ಅಮೆರಿಕದ ದಾರಿ ಹಿಡಿಯಿರಿ ಎನ್ನುತ್ತಿಲ್ಲ. ಅಲ್ಲಿ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಓದಿದವಳಿಗೆ, ಎತ್ತರದವಳಿಗೆ ಒಂದು ದರ, ಉಳಿದವರಿಗೆ ಇನ್ನೊಂದು. ನಮ್ಮಲ್ಲಿ ಅದು ಬಂದರೆ ಬಣ್ಣಕ್ಕೊಂದು ದರ, ಜಾತಿಗೊಂದು ದರ ಆಗಲು ವಾರ ಬೇಕಾಗುವುದಿಲ್ಲ. ವಧೂವರರ ಜಾಹೀರಾತು ಓದಿ ಬೆಳೆದ ಸಮಾಜಕ್ಕೆ ಅದನ್ನು ಯಾರೂ ಕಲಿಸಬೇಕಿಲ್ಲ. ಬ್ರಿಟನ್‌ನಲ್ಲಿ ಮಾಡಿದ್ದು ನೋಡಿ. ಅಂಡಾಣು ಕೊಟ್ಟ ಪ್ರತಿಯೊಬ್ಬಳಿಗೂ ಒಂದೇ ನಿಗದಿತ ಪರಿಹಾರ, 2024ರ ಅಕ್ಟೋಬರಿನಿಂದ 986 ಪೌಂಡ್. ಅದು ಅಂಡಾಣುವಿನ ಬೆಲೆಯಲ್ಲ, ಆಕೆಯ ಸಮಯಕ್ಕೆ, ನೋವಿಗೆ, ಓಡಾಟಕ್ಕೆ. ಎಷ್ಟು ಅಂಡಾಣು ಸಿಕ್ಕಿತು, ಆಕೆಯ ಕಣ್ಣು ಯಾವ ಬಣ್ಣ ಎಂಬುದರ ಮೇಲೆ ಒಂದು ಪೆನ್ನಿಯೂ ಹೆಚ್ಚು ಕಡಿಮೆಯಾಗುವುದಿಲ್ಲ.

ನಮ್ಮ ಸರ್ಕಾರಕ್ಕೂ ಇದು ಬಾರದ ವಿದ್ಯೆಯೇನಲ್ಲ. ಸರ್ಕಾರವೇ ಕುಟುಂಬ ಯೋಜನೆಯನ್ನು ಕೈಗೆತ್ತಿಕೊಂಡ ಮೊದಲ ದೇಶ ನಮ್ಮದು, 1952ರಲ್ಲಿ. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ಹೆಂಗಸಿಗೆ ಕೂಲಿ ನಷ್ಟದ ಪರಿಹಾರ ಎಂದು ಕೇಂದ್ರ ಸರ್ಕಾರ 1981ರಿಂದ ಹಣ ಕೊಡುತ್ತ ಬಂದಿದೆ. ಅವಳನ್ನು ಕರೆತಂದ ಆಶಾ ಕಾರ್ಯಕರ್ತೆಗೂ ಪ್ರೋತ್ಸಾಹಧನವಿದೆ. ಗರ್ಭನಾಳ ಕಟ್ಟಿಸಿಕೊಳ್ಳಲು ಬಡ ಹೆಂಗಸಿಗೆ ಹಣ ಕೊಟ್ಟಾಗ ಅದು ವ್ಯಾಪಾರವಾಗಲಿಲ್ಲ, ಹೆಣ್ಣಿನ ದೇಹ ಸರಕಾಗಲಿಲ್ಲ, ಯಾವ ಸಂಸದರೂ ಎದ್ದು ನಿಂತು ಮಾತೃತ್ವದ ಮಾತಾಡಲಿಲ್ಲ. ಅದೇ ಹೆಂಗಸು ಇನ್ನೊಬ್ಬಳಿಗೆ ಮಗುವಾಗಲೆಂದು ಎರಡು ವಾರದ ಕೂಲಿ ಬಿಟ್ಟು ಬಂದರೆ ಪರಿಹಾರ ಕೇಳುವುದು ಪಾಪ. ಈ ವ್ಯತ್ಯಾಸಕ್ಕೆ ಕಾರಣ ಹೇಳಬಲ್ಲವರು ಇದ್ದರೆ ಕೇಳಲು ಸಿದ್ಧನಿದ್ದೇನೆ.

ಪಡೆಯುವವರ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಐವಿಎಫ್ ಶೋಕಿ, ಉಳ್ಳವರ ಹಂಬಲ, ಅದಕ್ಕೇಕೆ ಜನರ ತೆರಿಗೆ ಎಂಬ ಮಾತು ದಾನದ ಮಾತಿನ ಅಣ್ಣತಮ್ಮ. ಆಯುಷ್ಮಾನ್ ಭಾರತ್ ಯೋಜನೆ ಈ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಖಾಸಗಿ ಆರೋಗ್ಯ ವಿಮೆಯ ಪಾಲಿಸಿ ಮನೆಯಲ್ಲಿದ್ದರೆ ತೆಗೆದು ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿದ ಹೊರಗಿಡುವ ಪಟ್ಟಿಯಲ್ಲಿ 17ನೆಯದು ಇದೇ, ಸಂತಾನಹೀನತೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನುತ್ತದೆ, ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಜೀವನದ ಯಾವುದಾದರೂ ಹಂತದಲ್ಲಿ ಈ ತೊಂದರೆ ಬರುತ್ತದೆ ಎಂದು 2023ರಲ್ಲಿ ಹೇಳಿತು. ಇಷ್ಟು ಜನರಿಗೆ ಬರುವುದು ಶೋಕಿಯಾಗುವುದು ಹೇಗೆ? ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಜನಸಂಖ್ಯೆ ಹೆಚ್ಚುತ್ತದೆ ಎಂಬ ಹಳೆಯ ಗುಮ್ಮನನ್ನು ಇಲ್ಲಿ ಯಾರೂ ಕರೆಯಬೇಕಿಲ್ಲ.

‘ಅಷ್ಟು ಕಷ್ಟವೇಕೆ, ದತ್ತು ತಗೊಳ್ಳಬಹುದಲ್ಲ’ ಎನ್ನುವವರಿಗೆ ಉತ್ತರ ಚಿಕ್ಕದು. ದೇಶದಲ್ಲಿ 2024-25ರಲ್ಲಿ ಕಾನೂನು ಪ್ರಕಾರ ಆದ ದತ್ತು 4,515, ಹನ್ನೆರಡು ವರ್ಷಗಳಲ್ಲೇ ಅದು ಅತಿ ಹೆಚ್ಚು. ಸಾಲಿನಲ್ಲಿ ನಿಂತವರು ಸಾವಿರಾರು, ಕಾಯಬೇಕಾದ್ದು ಮೂರು ವರ್ಷದ ಮೇಲೆ. ಬಯಸಿದ ಕೂಡಲೇ ಬಸುರಾದವರಿಗೆ ಈ ಸಲಹೆಯನ್ನು ಯಾರೂ ಕೊಡುವುದಿಲ್ಲ ಎಂಬುದನ್ನೂ ಗಮನಿಸಿ.

ಮರೆತುಹೋಗಿರುವ ಒಂದು ಸಂಗತಿ ಇದೆ. ಭಾರತದಲ್ಲಿ ಶಾಸ್ತ್ರೀಯ ದಾಖಲೆಯೊಂದಿಗೆ ಹುಟ್ಟಿದ ಮೊದಲ ಪ್ರನಾಳ ಶಿಶು 1986ರ ಆಗಸ್ಟ್ 6ರಂದು ಹುಟ್ಟಿದ್ದು ಯಾವ ಕಾರ್ಪೊರೇಟ್ ಆಸ್ಪತ್ರೆಯಲ್ಲೂ ಅಲ್ಲ, ಮುಂಬೈ ಪಾಲಿಕೆಯ ಕೆಇಎಂ ಆಸ್ಪತ್ರೆಯಲ್ಲಿ. ಡಾ. ಇಂದಿರಾ ಹಿಂದುಜಾ ಅವರ ಜೊತೆ ನಿಂತ ವಿಜ್ಞಾನಿ ಟಿ. ಸಿ. ಆನಂದ ಕುಮಾರ್ ಸರ್ಕಾರಿ ಸಂಶೋಧನಾ ಸಂಸ್ಥೆಯವರು. ಜನರ ದುಡ್ಡಿನಲ್ಲಿ ಬೇರೂರಿದ ವಿದ್ಯೆ ಜನರ ಆಸ್ಪತ್ರೆಯಿಂದ ಎದ್ದು ಹೋಗಿ, ಬಡ್ಡಿಯಿಲ್ಲದ ಇಎಂಐ ಎಂಬ ಫಲಕದ ಕೆಳಗೆ ಕೂತಿದೆ. ಬೆಂಗಳೂರಿನಲ್ಲಿ ಐವಿಎಫ್‌ನ ಒಂದು ಸೈಕಲ್ಲಿಗೆ, ಎಂದರೆ ಒಂದು ಸುತ್ತಿನ ಚಿಕಿತ್ಸೆಗೆ, ಒಂದೂವರೆ ಎರಡು ಲಕ್ಷ ಸುಲಭವಾಗಿ ಮುಟ್ಟುತ್ತದೆ, ಮತ್ತು ಮೂವತ್ತೈದರ ಒಳಗಿನವರಲ್ಲೂ ಒಂದು ಭ್ರೂಣ ಮಗುವಾಗುವ ಸಂಭವ ಸುಮಾರು ಮೂರಕ್ಕೆ ಒಂದು. ಪಕ್ಕದ ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 2023ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಗೋವಾಕ್ಕೆ ಆಗುವುದು ಇಷ್ಟು ದೊಡ್ಡ ಕರ್ನಾಟಕಕ್ಕೆ ಏಕೆ ಆಗದು?

ಮಹಾಭಾರತದಲ್ಲೇ ಐವಿಎಫ್ ಇತ್ತು ಎಂದು ಬೀಗುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. 2019ರ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಬ್ಬ ಕುಲಪತಿಗಳು ಕೌರವರನ್ನು ಪ್ರನಾಳ ಶಿಶುಗಳೆಂದೇ ಘೋಷಿಸಿದರು. ಗಾಂಧಾರಿಯ ಕೊಡಗಳನ್ನು ಬಿಟ್ಟು ಅವರು ನಿಯೋಗದ ಪ್ರಸಂಗ ಓದಿದ್ದರೆ ಚೆನ್ನಾಗಿತ್ತು. ವಂಶ ಉಳಿಯಬೇಕಿತ್ತು, ವ್ಯಾಸರು ಬಂದರು, ಎರಡನೆಯ ಸಲ ಹೋಗಲೊಲ್ಲದ ಅಂಬಿಕೆ ತನ್ನ ಒಡವೆ ತೊಡಿಸಿ ದಾಸಿಯನ್ನು ಕಳಿಸಿದಳು. ವಿದುರ ಹುಟ್ಟಿದ್ದು ಅವಳಿಗೆ. ಇಡೀ ಕುರುವಂಶದ ಕಥೆಯಲ್ಲಿ ಆ ದಾಸಿಗೆ ಒಂದು ಹೆಸರಿಲ್ಲ. ಇಂದಿನ ಬಿಲ್ಲಿನಲ್ಲಿ ‘ಪ್ಯಾಕೇಜ್’ ಎಂದಿರುವವಳು ಅವಳೇ.

ಹೆಸರಿಲ್ಲದಿದ್ದರೆ ಹುಟ್ಟಿದ ಮಗುವಿಗೂ ಅನ್ಯಾಯ. ನಮ್ಮ ಕಾಯ್ದೆ ಮಗುವನ್ನು ಬಯಸಿ ಪಡೆದವರ ಸ್ವಂತ ಮಗುವೆಂದೇ ಪರಿಗಣಿಸುತ್ತದೆ, ಅದು ಸರಿ. ಆದರೆ ಬೆಳೆದು ದೊಡ್ಡವರಾದ ಮೇಲೆ, ನನ್ನ ಅರ್ಧ ರಕ್ತ ಯಾರದು ಎಂದು ಕೇಳುವ ಹಕ್ಕನ್ನು ಕೊಟ್ಟಿಲ್ಲ. ಸ್ವೀಡನ್ 1985ರಿಂದ ಕೊಟ್ಟಿದೆ. ಬ್ರಿಟನ್ 2005ರ ಏಪ್ರಿಲ್ ನಂತರ ದಾನಿಗಳಾದವರ ಮಟ್ಟಿಗೆ ಕೊಟ್ಟಿದೆ. ಯುದ್ಧದ ಹೊಸ್ತಿಲಲ್ಲಿ ಕೃಷ್ಣ ಬಂದು ಹೇಳುವವರೆಗೆ ಕರ್ಣನಿಗೆ ತನ್ನ ಹುಟ್ಟು ತಿಳಿಯದೆ ಹೋದದ್ದಕ್ಕೆ ಕಣ್ಣೀರು ಸುರಿಸುತ್ತ ಬಂದ ನಾಡು ನಮ್ಮದು. ಅಂಥ ಗುಟ್ಟನ್ನೇ ಈಗ ಕಾನೂನು ಮಾಡಿ ಇಟ್ಟಿದ್ದೇವೆ. ಗುಟ್ಟು ಬೇಕಾದದ್ದು ಮಗುವಿಗಲ್ಲ. ಗಂಡನ ವೀರ್ಯಾಣು ಸಾಲದು ಎಂಬುದು ಊರಿಗೆ ತಿಳಿಯಬಾರದು ಎನ್ನುವ ಮನೆತನಕ್ಕೆ, ಲೆಕ್ಕ ತೋರಿಸಲು ಇಷ್ಟವಿಲ್ಲದ ಆಸ್ಪತ್ರೆಗೆ.

ಕೊನೆಗೆ ಬರುವ ಆಕ್ಷೇಪಣೆ ಬಳ್ಳಾರಿಯದು. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು, ಅವರಿಗೆ ಏರಿಸಿದ ಐವಿ ದ್ರಾವಣದ ಮೇಲೆ ಅನುಮಾನ ಬಂತು. ಸುರಕ್ಷಿತ ಹೆರಿಗೆಯನ್ನೇ ಕೊಡಲಾಗದ ಸರ್ಕಾರ ಐವಿಎಫ್ ಕೊಡಬೇಕೆ ಎಂದು ಕೇಳಿದರೆ ಮೊದಲು ತಲೆ ತಗ್ಗಿಸಬೇಕು. ಆದರೂ ಈ ಪ್ರಶ್ನೆಯೊಳಗೆ ಒಂದು ಸುಳ್ಳಿದೆ: ಐವಿಎಫ್‌ಗೆ ಕೊಡದೆ ಉಳಿಸಿದ ಹಣ ಹೆರಿಗೆ ವಾರ್ಡಿಗೆ ಹೋಗುತ್ತದೆ ಎಂಬುದು. ಇಷ್ಟು ವರ್ಷ ಕೊಟ್ಟಿಲ್ಲ; ವಾರ್ಡಿಗೆ ಏನು ಹೋಯಿತು? ಐವಿಎಫ್‌ನ ಖರ್ಚು ನಿಂತೂ ಇಲ್ಲ, ಹಾವೇರಿಯ ಒತ್ತಿ ಹಾಕಿದ ಹೊಲದಿಂದ ಬಂದು ಖಾಸಗಿಯವರ ಕೈ ಸೇರುತ್ತಿದೆ. ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲಿ ಒಂದೊಂದು ಲ್ಯಾಬು, ಒಬ್ಬಿಬ್ಬರು ಎಂಬ್ರಿಯಾಲಜಿಸ್ಟರು, ಅಲ್ಲಿಗೆ ಬಂದು ಅಂಡಾಣು ಕೊಡುವವಳ ಖಾತೆಗೆ ನಿಗದಿತ ಪರಿಹಾರ, ಹನ್ನೆರಡು ತಿಂಗಳಿಗೆ ಮುಗಿಯದ ವಿಮೆ. ಕೂಲಿ ನಷ್ಟದ ಪರಿಹಾರವನ್ನು ಖಾತೆಗೆ ಹಾಕುವ ಏರ್ಪಾಡು ಆರೋಗ್ಯ ಇಲಾಖೆಯಲ್ಲಿ ಆಗಲೇ ಇದೆ. ಮಾರಾಟಕ್ಕಿರುವ ನಿಷೇಧ ಹಾಗೆಯೇ ಇರಲಿ, ಪರಿಹಾರ ಮಾರಾಟವಲ್ಲ ಎಂದು ನಿಯಮದಲ್ಲಿ ಸ್ಪಷ್ಟಪಡಿಸಿದರೆ ಆಯಿತು. ನಿಯಮ ತಿದ್ದಲು ಕೇಂದ್ರಕ್ಕೆ ಬರುತ್ತದೆ. ಬಾಡಿಗೆ ತಾಯ್ತನದಲ್ಲಿ ದಾನಿಯ ಅಂಡಾಣು ಕೂಡದೆಂದು 2023ರ ಮಾರ್ಚಿನಲ್ಲಿ ನಿಯಮ ಮಾಡಿ, ಹೆಂಗಸರು ಕೋರ್ಟಿಗೆ ಹೋದ ಮೇಲೆ 2024ರ ಫೆಬ್ರುವರಿಯಲ್ಲಿ ತಾನೇ ಅದನ್ನು ಸಡಿಲಿಸಿತು.